ಸೋರುವ ಮಾಳಿಗೆ, ಸೋತ ಮಾಳಿಗೆ

ರಾಯಚೂರು, ಕೊಪ್ಪಳ, ಬಳ್ಳಾರಿಯ ಕಡೆ ಮನೆಯ ಮಾಳಿಗೆಯ ಮಾತು ಬರುವುದು ಅದು ಸೋರಿದಾಗ ಮಾತ್ರ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಈ ಬಯಲುಸೀಮೆಯಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ಒಣಗಿ ನಿಂತ ಚಾವಣಿಯ ಮೇಲೆ ಸೆಪ್ಟೆಂಬರ್ ಹೊತ್ತಿಗೆ ಎರಡು ದಿನ ಬಿಡದೆ ಜಡಿಮಳೆ ಹಿಡಿಯಿತೆಂದರೆ, ಪಡಸಾಲೆಯಲ್ಲಿ ಕೊಡ, ಬಕೆಟ್ಟು, ಬೋಗುಣಿಗಳು ಸಾಲಾಗಿ ಕೂರುತ್ತವೆ. ಮಳೆ ನಿಂತ ಮೇಲೆ ಗೌಂಡಿಯನ್ನು ಕರೆಸಿ ಮೇಲೊಂದು ಪದರ ಹೊಡೆಸುತ್ತಾರೆ, ಇಲ್ಲವೆ ನಾಲ್ಕು ಬುಟ್ಟಿ ಮಣ್ಣು ಏರಿಸುತ್ತಾರೆ. ಸೋರುವುದು ನಿಂತರೆ ಮಾಳಿಗೆ ಸರಿಯಾಯಿತೆಂದು ಎಲ್ಲರೂ ಮರೆಯುತ್ತಾರೆ. ಮಾಳಿಗೆಯನ್ನು ರಿಪೇರಿ ಮಾಡಿಸಬೇಕೇ, ಪೂರ್ತಿ ತೆಗೆಸಿ ಹೊಸದು ಹಾಕಿಸಬೇಕೇ ಎಂಬ ಪ್ರಶ್ನೆಗೆ ನಾವು ತಪ್ಪು ಉತ್ತರ ಕಂಡುಕೊಳ್ಳುವುದು ಬಹುತೇಕ ಇಲ್ಲಿಯೇ.

ಚಾವಣಿಗೆ ಎರಡು ಕೆಲಸಗಳಿವೆ: ನೀರನ್ನು ತಡೆಯುವುದು ಮತ್ತು ಭಾರವನ್ನು ಹೊರುವುದು. ಮೊದಲನೆಯ ಕೆಲಸ ಕೆಟ್ಟರೆ ಮಾಳಿಗೆ ಸೋರುತ್ತದೆ, ಎರಡನೆಯದು ಕೆಟ್ಟರೆ ಮಾಳಿಗೆ ಸೋಲುತ್ತದೆ. ಸೋರುವ ಮಾಳಿಗೆಯೆಲ್ಲ ಸೋತಿರುವುದಿಲ್ಲ. ನೀರು ಹರಿದುಹೋಗುವ ಕೊಳವೆಯ ಬಾಯಿಗೆ ಕಸ ಕಟ್ಟಿದ್ದಕ್ಕೇ ಸೋರುವ ಗಟ್ಟಿಮುಟ್ಟಾದ ಚಾವಣಿಗಳು ಎಷ್ಟೋ ಇವೆ. ಹಾಗೆಯೇ ಒಂದು ಹನಿಯೂ ಸೋರದೆ, ಒಳಗೊಳಗೇ ಜಂತಿ ಟೊಳ್ಳಾಗಿ ಅಥವಾ ಸರಳು ತುಕ್ಕು ತಿಂದು ಸೋತು ನಿಂತಿರುವ ಚಾವಣಿಗಳೂ ಇವೆ. ಮೊದಲನೆಯದಕ್ಕೆ ಹಣ ಸುರಿದು ಎರಡನೆಯದರ ಕೆಳಗೆ ನಿಶ್ಚಿಂತೆಯಿಂದ ಮಲಗುವುದು ನಮ್ಮಲ್ಲಿ ನಡೆದುಬಂದ ರೂಢಿ. ಆದ್ದರಿಂದ ಬದಲಿಸುವ ನಿರ್ಧಾರಕ್ಕೆ ಬರುವ ಮುಂಚೆ ನೀರಿನ ಗುರುತುಗಳಿಗಿಂತ ಹೆಚ್ಚಾಗಿ ಭಾರ ಹೊರುವ ಭಾಗವನ್ನು ನೋಡಬೇಕು.

ನೀರಿನ ಗುರುತು ನಂಬಿಕೆಗೆ ಅರ್ಹವಲ್ಲದ ಸಾಕ್ಷಿ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಮೇಲೆ ಒಂದು ಕಡೆ ಇಳಿದ ನೀರು ಜಂತಿಯ ಗುಂಟ, ಸರಳಿನ ಗುಂಟ ಅಥವಾ ಸ್ಲ್ಯಾಬಿನೊಳಗೆ ಹಾಸಿದ ವಿದ್ಯುತ್ ಪೈಪಿನ ಗುಂಟ ಹರಿದು ಹತ್ತು ಅಡಿ ಆಚೆ ತೊಟ್ಟಿಕ್ಕಬಹುದು. ಫ್ಯಾನಿನ ಕೊಂಡಿಯ ಬಳಿ ಹನಿ ಬಿದ್ದರೆ ಕೊಂಡಿಯ ನೇರ ಮೇಲೆಯೇ ಬಿರುಕಿದೆ ಎಂದು ತಿಳಿದು ಅಲ್ಲಿ ಮಾತ್ರ ಸಿಮೆಂಟು ಮೆತ್ತುವುದರಿಂದ ಮುಂದಿನ ವರ್ಷವೂ ಅದೇ ಹನಿ ಬೀಳುತ್ತದೆ.

ಮಣ್ಣಿನ ಮಾಳಿಗೆ

ಈ ಸೀಮೆಯ ಹಳೆಯ ಮನೆಯ ಮಾಳಿಗೆ ತನ್ನಷ್ಟಕ್ಕೆ ಒಂದು ಜಾಣ ರಚನೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗಳ ಮೇಲೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಒತ್ತಾಗಿ ಜೋಡಿಸಿದ ಕಟ್ಟಿಗೆಯ ಚೂರು, ಅದರ ಮೇಲೆ ಬೇವಿನ ಸೊಪ್ಪು ಅಥವಾ ಹುಲ್ಲು, ಅದರ ಮೇಲೆ ಹದಮಾಡಿ ತುಳಿದ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ತೆಳುವಾದ ಹಾಸು. ಸವಳು ಮಣ್ಣೇ ಏಕೆ ಎಂಬುದಕ್ಕೆ ಗಟ್ಟಿಯಾದ ಕಾರಣವಿದೆ. ಅದರಲ್ಲಿ ಸೋಡಿಯಂ ಹೆಚ್ಚಿರುತ್ತದೆ. ನೀರು ತಾಗಿದೊಡನೆ ಜೇಡಿಯ ಕಣಗಳು ಗಂಟುಗಂಟಾಗಿ ಕೂಡದೆ ಬಿಡಿಬಿಡಿಯಾಗಿ ಚದುರಿ, ಮಣ್ಣಿನ ಸಣ್ಣ ರಂಧ್ರಗಳಲ್ಲಿ ಕೂತು ಅವನ್ನು ಮುಚ್ಚಿಬಿಡುತ್ತವೆ. ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಳಗಿನ ಹೊಲಗಳಲ್ಲಿ ನೀರು ಇಂಗಗೊಡದೆ ಬೆಳೆಯನ್ನು ಕೆಡಿಸುವ ಗುಣ ಯಾವುದೋ, ಅದೇ ಗುಣ ಮಾಳಿಗೆಯ ಮೇಲೆ ಮನೆಯನ್ನು ಕಾಯುತ್ತದೆ.

ಆದರೆ ಮಳೆಯ ಹೊಡೆತಕ್ಕೆ ಸವಳು ಸ್ವಲ್ಪ ಸ್ವಲ್ಪವಾಗಿ ಕೊಚ್ಚಿಹೋಗುತ್ತದೆ, ಆದ್ದರಿಂದ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುವುದು ಪದ್ಧತಿ. ಹೊಸದು ಹಾಕುವಾಗ ಹಳೆಯದನ್ನು ಕೆರೆದು ತೆಗೆಯಬೇಕೆಂಬುದು ಹಿರಿಯರಿಗೆ ಗೊತ್ತಿತ್ತು. ಆಳುಕಾಳು ಸಿಗದಂತಾದ ಮೇಲೆ ಆ ಕೆಲಸ ಬಿಟ್ಟುಹೋಗಿ, ಹಾಕುವುದು ಮಾತ್ರ ಉಳಿಯಿತು. ಇದರ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಹತ್ತು ಅಡಿಗೆ ಹತ್ತು ಅಡಿಯ ಕೋಣೆಯ ಮೇಲೆ ಒಂದೇ ಒಂದು ಅಂಗುಲ ಮಣ್ಣು ಏರಿಸಿದರೆ ಸುಮಾರು ಮೂರೂಮುಕ್ಕಾಲು ಕ್ವಿಂಟಲ್ ಭಾರ ಏರುತ್ತದೆ. ಒಂದು ಅಡಿ ದಪ್ಪದ ಮಣ್ಣಿದ್ದರೆ ಒಣಗಿದಾಗಲೇ ಸುಮಾರು ನಾಲ್ಕೂವರೆ ಟನ್. ಎರಡು ದಿನದ ಜಡಿಮಳೆಯಲ್ಲಿ ಅದು ಪೂರ್ತಿ ನೆನೆದರೆ ಎಂಟು ಕ್ವಿಂಟಲಿಗೂ ಹೆಚ್ಚಿನ ನೀರು ಅದರಲ್ಲಿ ಸೇರಿಕೊಳ್ಳುತ್ತದೆ. ಅಜ್ಜನ ಕಾಲದಲ್ಲಿ ಅರ್ಧ ಅಡಿ ಮಣ್ಣಿಗೆಂದು ಆರಿಸಿದ ಜಂತಿ, ಮೊಮ್ಮಗನ ಕಾಲಕ್ಕೆ ತಾನು ಹಳೆಯದಾಗಿ ಮೂರು ಪಟ್ಟು ಭಾರವನ್ನು ಹೊರುತ್ತಿರುತ್ತದೆ. ಬಿರುಮಳೆ ಹೊಡೆದು ಹೋದಾಗ ಬೀಳದ ಮನೆ ಜಿಟಿಜಿಟಿ ಮಳೆಗೆ ಏಕೆ ಬೀಳುತ್ತದೆ ಎಂಬುದರ ಉತ್ತರವೂ ಇದೇ: ಬಿರುಮಳೆಯ ನೀರು ಹರಿದುಹೋಗುತ್ತದೆ, ಜಡಿಮಳೆಯ ನೀರು ಒಳಗೆ ಇಳಿದು ಭಾರವಾಗಿ ಕೂರುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ, ನದಿಯ ನೆರೆ ಮುಟ್ಟದ ಊರುಗಳಲ್ಲಿಯೂ ಮಣ್ಣಿನ ಮನೆಗಳು ಕುಸಿದದ್ದನ್ನು ಈ ಭಾಗದವರು ಮರೆತಿಲ್ಲ.

ನಮ್ಮ ಮನೆಯ ಹಳೆಯ ಮಾಳಿಗೆಯನ್ನು ಇಳಿಸಿದಾಗ ಅಂಚಿನಲ್ಲಿ ಮಣ್ಣನ್ನು ನೆಟ್ಟಗೆ ಕಡಿದು ನೋಡಿದೆವು. ಕೆಂಪು, ಬೂದಿ, ಬಿಳುಪು ಬಣ್ಣದ ಪದರಗಳು ಒಂದರ ಮೇಲೊಂದು ಎಣಿಸುವಷ್ಟು ಸ್ಪಷ್ಟವಾಗಿದ್ದವು. ಒಟ್ಟು ದಪ್ಪ ಒಂದೂವರೆ ಅಡಿ. ಅಂದರೆ ನಾವು ಮಲಗುತ್ತಿದ್ದ ಒಂದು ಕೋಣೆಯ ಮೇಲೆ, ತುಂಬಿದ ಎರಡು ಟ್ರ್ಯಾಕ್ಟರ್ ಟ್ರೇಲರಿನಷ್ಟು ಮಣ್ಣು ಇತ್ತು. ಇನ್ನೂ ಹೆಚ್ಚು ಕಳವಳ ಹುಟ್ಟಿಸಿದ್ದು ತೊಲೆ. ಕೋಣೆಯಲ್ಲಿ ಕಾಣುತ್ತಿದ್ದ ಅದರ ಭಾಗ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಗೋಡೆಯೊಳಗೆ ಹೂತಿದ್ದ ತುದಿ ಮಾತ್ರ ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿತ್ತು.

ಮರದ ಪರೀಕ್ಷೆಯನ್ನು ಅಲ್ಲಿಂದಲೇ ಶುರುಮಾಡಬೇಕು. ತೊಲೆ, ಜಂತಿಗಳ ನಡುಭಾಗಕ್ಕೆ ಗಾಳಿ ಆಡುತ್ತದೆ, ಬೇಗ ಒಣಗುತ್ತದೆ. ಗೋಡೆಯೊಳಗಿನ ತುದಿಗೆ ಕುಂಬಿಯ (ಮಾಳಿಗೆಯ ಅಂಚಿನ ಮೋಟುಗೋಡೆಯ) ಬುಡದಿಂದ ಇಳಿದ ತೇವ ಮುಟ್ಟುತ್ತದೆ, ಒಣಗಲು ದಾರಿಯಿಲ್ಲ, ಗೆದ್ದಲಿಗೆ ಗೋಡೆಯ ಮಣ್ಣಿನಿಂದಲೇ ಹಾದಿ ಸಿಗುತ್ತದೆ. ಗೋಡೆಗೆ ತಾಗುವ ಜಾಗದಲ್ಲಿ ದಬ್ಬಣ ಅಥವಾ ಸ್ಕ್ರೂಡ್ರೈವರನ್ನು ಒತ್ತಿ ನೋಡಿದಾಗ ಗಟ್ಟಿ ಮರ ಅದನ್ನು ತಡೆಯುತ್ತದೆ, ಕೊಳೆತ ಮರ ಒಳಗೆ ಬಿಟ್ಟುಕೊಳ್ಳುತ್ತದೆ. ಸಣ್ಣ ಸುತ್ತಿಗೆಯಿಂದ ತುದಿಯಿಂದ ತುದಿಗೆ ತಟ್ಟುತ್ತ ಬಂದರೆ ಗಟ್ಟಿ ಭಾಗ ಖಣ್ ಎನ್ನುತ್ತದೆ, ಟೊಳ್ಳು ಭಾಗ ಬದ್ ಎನ್ನುತ್ತದೆ. ಗೋಡೆಯ ಮೇಲೆ ಬೆರಳಗಲದ ಮಣ್ಣಿನ ಗೆರೆ ಏರಿಹೋಗಿದ್ದರೆ ಅದು ಗೆದ್ದಲಿನ ದಾರಿ. ಜಂತಿಯ ಸಂದಿನಿಂದ ದಿನವೂ ಹಾಸಿಗೆಯ ಮೇಲೆ ಮಣ್ಣು ಉದುರುತ್ತಿದ್ದರೆ ಮೇಲಿನ ಕಟ್ಟಿಗೆಯ ಚೂರು, ಸೊಪ್ಪಿನ ಹಾಸು ಮುಗಿದಿದೆ ಎಂದು ಅರ್ಥ.

ಇಷ್ಟು ನೋಡಿದ ಮೇಲೆ ನಿರ್ಧಾರ ಅಷ್ಟು ಕಷ್ಟವಲ್ಲ. ಒಂದೆರಡು ಜಂತಿ ಮಾತ್ರ ಕೆಟ್ಟಿದ್ದು ತೊಲೆ ಗಟ್ಟಿಯಿದ್ದರೆ, ಅಕ್ಕಪಕ್ಕ ಆಸರೆಗೆ ಊರುಗಂಬ ಕೊಟ್ಟು ಆ ಜಂತಿಗಳನ್ನಷ್ಟೇ ಬದಲಿಸಿ, ಮೇಲಿನ ಮಣ್ಣನ್ನು ಅರ್ಧ ಅಡಿಗೆ ಇಳಿಸಿದರೆ ಆ ಮಾಳಿಗೆ ಇನ್ನೂ ಬಹುಕಾಲ ಬಾಳುತ್ತದೆ. ತೊಲೆಯ ತುದಿಯೇ ಹೋಗಿದ್ದರೆ, ಅಥವಾ ಮೂರರಲ್ಲೊಂದು ಜಂತಿ ಟೊಳ್ಳಾಗಿದ್ದರೆ, ಬಿಡಿ ರಿಪೇರಿಗೆ ಹಣ ಹಾಕುವುದು ಸರಿಯಲ್ಲ. ಮಾಳಿಗೆಯನ್ನು ಪೂರ್ತಿ ಇಳಿಸಬೇಕು. ಮೂರರಲ್ಲೊಂದು ಎಂಬುದು ಯಾವ ಪುಸ್ತಕದ ಅಳತೆಯೂ ಅಲ್ಲ, ನನ್ನ ಅಂದಾಜು. ಒಂದು ಜಂತಿ ಕೈಬಿಟ್ಟರೆ ಅದರ ಭಾರ ನೆರೆಯ ಎರಡರ ಮೇಲೆ ಬೀಳುತ್ತದೆ, ಆ ಎರಡೂ ಗಟ್ಟಿಯಿದ್ದರೆ ಮಾತ್ರ ತಾಳುತ್ತವೆ ಎಂಬ ಸರಳ ತರ್ಕ ಅದರ ಹಿಂದಿದೆ.

ಮಣ್ಣಿನ ಮಾಳಿಗೆ ಇಳಿಸಿದವರು ಆ ಗೋಡೆಗಳ ಮೇಲೆಯೇ ಆರ್‌ಸಿಸಿ (ಉಕ್ಕಿನ ಸರಳು ಹಾಕಿದ ಕಾಂಕ್ರೀಟು) ಹಾಕಿಸುವ ಆಸೆ ಪಡುತ್ತಾರೆ. ನಾಲ್ಕೂವರೆ ಅಂಗುಲದ ಸ್ಲ್ಯಾಬು ಅದೇ ಹತ್ತಡಿ ಕೋಣೆಗೆ ಸುಮಾರು ಎರಡೂಮುಕ್ಕಾಲು ಟನ್ ತೂಗುತ್ತದೆ, ಅಂದರೆ ಒಂದಡಿ ಮಣ್ಣಿಗಿಂತ ಹಗುರವೇ. ತೊಡಕಿರುವುದು ತೂಕದಲ್ಲಿ ಅಲ್ಲ, ಗೋಡೆಯಲ್ಲಿ. ಹಳೆಯ ಮನೆಯಲ್ಲಿ ಭಾರದ ದೊಡ್ಡ ಪಾಲನ್ನು ಕಂಬಗಳು ಹೊರುತ್ತವೆ. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ ಅನೇಕ ಕಡೆ ಬರೀ ಮರೆಗೆಂದು ನಿಂತಿರುತ್ತದೆ. ಕಂಬ ತೆಗೆದು, ಪೂರ್ತಿ ಭಾರವನ್ನು ಆ ಗೋಡೆಯ ಮೇಲೆ ಇಟ್ಟರೆ ಅದು ಹೊಟ್ಟೆ ಬಿಟ್ಟುಕೊಳ್ಳುತ್ತದೆ. ಗೋಡೆಯ ಬುಡವನ್ನು ಒಂದು ಕಡೆ ಅಗೆದು ಪಾಯ ಎಷ್ಟು ಆಳವಿದೆ, ಯಾವ ಮಣ್ಣಿನ ಮೇಲೆ ಕೂತಿದೆ ಎಂದು ಎಂಜಿನಿಯರಿಗೆ ತೋರಿಸದೆ ಈ ಬದಲಾವಣೆಗೆ ಕೈಹಾಕಬಾರದು.

ಕಲ್ಲು ಮತ್ತು ಗಾರೆ

ಕಲ್ಲಿಗೆ ಕೊರತೆಯಿಲ್ಲದ ನಾಡು ಇದು. ಆನೆಗುಂದಿ, ಹಂಪಿಯ ಮಂಟಪಗಳ ಚಪ್ಪಡಿಗಳು ಶತಮಾನಗಳಿಂದ ನಿಂತಿರುವುದನ್ನು ನೋಡಿ ಕಲ್ಲಿನ ಚಾವಣಿಗೆ ಸಾವಿಲ್ಲವೆಂದು ನಂಬುತ್ತೇವೆ. ಆ ಚಪ್ಪಡಿಗಳು ಬಹಳ ದಪ್ಪ, ಕಂಬದಿಂದ ಕಂಬಕ್ಕಿರುವ ಅಂತರ ಕಡಿಮೆ ಎಂಬುದನ್ನು ಗಮನಿಸುವುದಿಲ್ಲ. ಕಲ್ಲು ಒತ್ತಡವನ್ನು ತಾಳುತ್ತದೆ, ಬಾಗುವಿಕೆಯನ್ನು ತಾಳುವುದಿಲ್ಲ; ಮರ ಮುರಿಯುವ ಮುಂಚೆ ಬಾಗಿ, ಕಿರ್ರೆಂದು ಸೂಚನೆ ಕೊಡುತ್ತದೆ, ಕಲ್ಲು ಸೂಚನೆ ಕೊಡದೆ ತುಂಡಾಗುತ್ತದೆ. ಹಾಗಾಗಿ ತೆಳುವಾದ ಪರ್ಸಿಯ (ಹಾಸುಗಲ್ಲಿನ) ಚಾವಣಿಯಲ್ಲಿ ಅಡ್ಡಲಾಗಿ ಒಂದು ಸಣ್ಣ ಬಿರುಕು ಕಂಡರೂ ಆ ಕಲ್ಲಿನ ಆಯುಷ್ಯ ಮುಗಿದಿದೆ ಎಂದೇ ತಿಳಿದು ಬದಲಿಸಬೇಕು. ಕಲ್ಲುಗಳ ನಡುವಿನ ಸಂದು ಸೋರುವುದು ಮಾತ್ರ ಸಣ್ಣ ಸಂಗತಿ. ಸಂದನ್ನು ಕೆರೆದು ತುಂಬಿದರೆ ಸಾಕು.

1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯ ಹಳೆಯ ಕಟ್ಟಡಗಳಲ್ಲಿ ಎಂಜಿನಿಯರುಗಳು ಮದ್ರಾಸ್ ತಾರಸಿ ಎಂದು ಕರೆಯುವ ಬಗೆಯ ಚಾವಣಿ ಸಿಗುವುದುಂಟು: ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿ, ಮೇಲೆ ಇಟ್ಟಿಗೆ ಜಲ್ಲಿಯ ಸುಣ್ಣಗಾರೆಯನ್ನು ಬಡಿದು ಹಾಕಿದ್ದು. ಇದರ ಗಾರೆಗಿಂತ ತೊಲೆಗೇ ಮೊದಲು ವಯಸ್ಸಾಗುತ್ತದೆ. ಇಂಥ ತಾರಸಿಯ ಮೇಲೆ ಸಿಮೆಂಟಿನ ಪದರ ಹಾಕಿಸುವುದು ಕೇಡು. ಸುಣ್ಣ ತನ್ನ ತೇವವನ್ನು ಹೊರಗೆ ಬಿಟ್ಟು ಒಣಗುವ ವಸ್ತು, ಸಿಮೆಂಟು ಆ ದಾರಿಯನ್ನು ಮುಚ್ಚಿ ತೇವವನ್ನು ಕೆಳಗಿನ ಮರಕ್ಕೆ ತಳ್ಳುತ್ತದೆ.

ಆರ್‌ಸಿಸಿ ಸ್ಲ್ಯಾಬು

ಆರ್‌ಸಿಸಿ ಹಾಕಿಸಿದರೆ ಮೂರು ತಲೆಮಾರು ನೋಡಬೇಕಿಲ್ಲ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ಮೂವತ್ತು ವರ್ಷಕ್ಕೇ ಒಳಗಿನ ಗಿಲಾವು ಉದುರತೊಡಗಿದಾಗ ಜನ ಅದನ್ನು ಗಿಲಾವಿನ ದೋಷವೆಂದು ತಿಳಿಯುತ್ತಾರೆ. ಸ್ಲ್ಯಾಬು ಹೇಗೆ ಸಾಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು, ಏಕೆಂದರೆ ಈಗ ನಮ್ಮ ಊರುಗಳಲ್ಲಿ ಹೆಚ್ಚಿನವರ ತಲೆಯ ಮೇಲಿರುವುದು ಅದೇ.

ಕಾಂಕ್ರೀಟು ಒತ್ತಡವನ್ನು ಹೊರುತ್ತದೆ, ಅದರೊಳಗಿನ ಉಕ್ಕಿನ ಸರಳು ಎಳೆತವನ್ನು ಹೊರುತ್ತದೆ. ಹೊಸ ಕಾಂಕ್ರೀಟಿನ ಕ್ಷಾರಗುಣ ಬಹಳ ಹೆಚ್ಚು, ಪಿಎಚ್ ಅಳತೆಯಲ್ಲಿ 12ರಿಂದ 13. ಅಷ್ಟು ಕ್ಷಾರದಲ್ಲಿ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದ ತೆಳುವಾದ ರಕ್ಷಾಪದರ ಕಟ್ಟಿಕೊಂಡು ತುಕ್ಕು ಹಿಡಿಯುವುದಿಲ್ಲ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ವರ್ಷಗಳುದ್ದಕ್ಕೂ ಕಾಂಕ್ರೀಟಿನೊಳಗೆ ಇಳಿಯುತ್ತ ಆ ಕ್ಷಾರವನ್ನು ಕೊಲ್ಲುತ್ತದೆ. ಅದು ಸರಳನ್ನು ಮುಟ್ಟಿದ ದಿನ ರಕ್ಷೆ ಹೋಯಿತು. ಆಮೇಲೆ ತೇವ ಸಿಕ್ಕರೆ ತುಕ್ಕು ಶುರು. ತುಕ್ಕು ತಾನು ತಿಂದ ಉಕ್ಕಿನ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಒಳಗಿನಿಂದ ಹುಟ್ಟಿದ ಆ ಒತ್ತಡಕ್ಕೆ ಸರಳಿನ ಕೆಳಗಿನ ಕಾಂಕ್ರೀಟು ಮೊದಲು ಉಬ್ಬಿ, ಸರಳಿನ ಗುಂಟ ನೇರವಾಗಿ ಸೀಳಿ, ಕೊನೆಗೆ ಹಕ್ಕಳೆಯಾಗಿ ಬೀಳುತ್ತದೆ. ಕೆಳಗೆ ಬಿದ್ದದ್ದು ಗಿಲಾವಿನಂತೆ ಕಂಡರೂ ಅದು ಸರಳನ್ನು ಕಾಯುತ್ತಿದ್ದ ಕವಚ.

ಈ ಕವಚದ ದಪ್ಪ, ಮಳೆಗೆ ನೇರ ಒಡ್ಡಿಕೊಳ್ಳದ ಸಾಧಾರಣ ಜಾಗದಲ್ಲೂ 20 ಮಿಲಿಮೀಟರ್ ಇರಬೇಕೆಂದು ಕಾಂಕ್ರೀಟಿನ ಕೆಲಸಕ್ಕಿರುವ ಭಾರತೀಯ ಮಾನಕ 456 (ಐಎಸ್ 456) ಹೇಳುತ್ತದೆ. ಸ್ಲ್ಯಾಬು ಹಾಕುವ ದಿನ ಸರಳಿನ ಕೆಳಗೆ ಸಿಮೆಂಟಿನ ಬಿಲ್ಲೆ ಇಡದೆ, ಕೈಗೆ ಸಿಕ್ಕ ಜಲ್ಲಿಕಲ್ಲನ್ನು ಇಟ್ಟು ಮುಗಿಸಿದ ಮನೆಗಳಲ್ಲಿ ಅದು ಕಾಲಂಗುಲವೂ ಇರುವುದಿಲ್ಲ. ಅದೇ ಮಾನಕ ಬಿಸಿಯಾದ, ಒಣ ಹವೆಯಲ್ಲಿ ಹತ್ತು ದಿನಕ್ಕೆ ಕಡಿಮೆಯಿಲ್ಲದಂತೆ ನೀರುಣಿಸಬೇಕೆಂದು ಹೇಳುತ್ತದೆ. ಏಪ್ರಿಲಿನಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಲ್ಲಿ ಟ್ಯಾಂಕರಿನ ನೀರಿಗೆ ದುಡ್ಡು ಕೊಡಬೇಕಾಗಿ ಬಂದು, ನಾಲ್ಕೇ ದಿನಕ್ಕೆ ನಿಲ್ಲಿಸಿದ ಸ್ಲ್ಯಾಬು ಮೊದಲಿನಿಂದಲೇ ಸ್ಪಂಜಿನಂತೆ ರಂಧ್ರಮಯವಾಗಿರುತ್ತದೆ.

ನಮ್ಮ ಭಾಗಕ್ಕೆ ಇನ್ನೂ ಒಂದು ವಿಶೇಷ ಕಂಟಕವಿದೆ: ಸವಳು ನೀರು. ಉಪ್ಪಿನಲ್ಲಿನ ಕ್ಲೋರೈಡ್ ಕ್ಷಾರವಿದ್ದಾಗಲೂ ಸರಳಿನ ರಕ್ಷಾಪದರವನ್ನು ತೂತು ಮಾಡುತ್ತದೆ. ಸರಳು ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡ್ ಇರಬಾರದು ಎಂಬುದು ನಿಯಮ. ಕುಡಿದರೆ ಉಪ್ಪೆನಿಸುವ ಬೋರಿನ ನೀರಲ್ಲಿ, ತೊಳೆಯದ ಹಳ್ಳದ ಮರಳಲ್ಲಿ ಹಾಕಿದ ಸ್ಲ್ಯಾಬಿನ ತುಕ್ಕು ಮೈತುಂಬ ಸಮನಾಗಿ ಹರಡುವುದಿಲ್ಲ. ಅಲ್ಲಲ್ಲಿ ಆಳವಾದ ಗುಳಿ ಬಿದ್ದು ಸರಳು ಒಂದೇ ಕಡೆ ತುಂಡಾಗುತ್ತದೆ. ಇಂಥ ಸ್ಲ್ಯಾಬಿನ ಒಂದು ಕಡೆ ಗಿಲಾವು ತುಂಬಿಸಿದರೆ ಮುಂದಿನ ವರ್ಷ ಅದರ ಪಕ್ಕದಲ್ಲೇ ಇನ್ನೊಂದು ಉದುರುತ್ತದೆ, ಏಕೆಂದರೆ ರೋಗ ಮೇಲಿನಿಂದ ಬಂದದ್ದಲ್ಲ, ಕಲಸುವಾಗಲೇ ಒಳಗೆ ಸೇರಿದ್ದು. ತಮ್ಮ ಮನೆಯ ಸ್ಲ್ಯಾಬಿಗೆ ಯಾವ ನೀರು ಬಳಸಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ ತಿಳಿದುಕೊಳ್ಳುವುದು ಯಾವ ಯಂತ್ರದ ಪರೀಕ್ಷೆಗಿಂತಲೂ ಕಡಿಮೆಯಲ್ಲ.

ಬಿರುಕುಗಳನ್ನು ಓದಲು ಕಲಿಯಬೇಕು. ಗೋಡೆಯ ನೆತ್ತಿಯಲ್ಲಿ, ಸ್ಲ್ಯಾಬು ಕೂರುವ ಸಾಲಿನಲ್ಲಿ ಮಟ್ಟಸವಾಗಿ ಉದ್ದಕ್ಕೆ ಹೋಗುವ ಬಿರುಕು ಹೆಚ್ಚಾಗಿ ಬಿಸಿಲಿನದು: ಮೂವತ್ತು ಅಡಿ ಉದ್ದದ ಸ್ಲ್ಯಾಬು 30 ಡಿಗ್ರಿ ಬಿಸಿಯೇರಿದರೆ ಎರಡೂವರೆಯಿಂದ ಮೂರು ಮಿಲಿಮೀಟರ್ ಹಿಗ್ಗುತ್ತದೆ, ಕೆಳಗಿನ ಗೋಡೆ ಹಿಗ್ಗುವುದಿಲ್ಲ, ನಡುವೆ ಸೀಳು ಬೀಳುತ್ತದೆ. ಇದಕ್ಕಾಗಿ ಸ್ಲ್ಯಾಬು ತೆಗೆಸುವುದು ಬೇಡ. ಮೇಲೆ ಬಿಳಿ ಸುಣ್ಣ ಬಳಿದರೂ ಅದರ ಆಟ ಕಡಿಮೆಯಾಗುತ್ತದೆ. ಜೇಡನ ಬಲೆಯಂತೆ ಮೈಮೇಲೆ ಹರಡಿದ ಕೂದಲೆಳೆಯ ಬಿರುಕು ಗಿಲಾವು ಒಣಗುವಾಗಿನದು. ಸ್ಲ್ಯಾಬಿನ ಕೆಳಗೆ ಅರ್ಧ ಅಡಿಗೊಂದರಂತೆ ಒಂದಕ್ಕೊಂದು ಸಮಾಂತರವಾಗಿ, ಅಂಚಿನಲ್ಲಿ ಕಂದು ಬಣ್ಣ ಇಳಿದಿರುವ ಗೆರೆಗಳು ಮಾತ್ರ ತುಕ್ಕಿನವು, ಅವೇ ಚಿಂತೆಯ ಬಿರುಕುಗಳು. ಚಜ್ಜಾ ಮತ್ತು ಹೊರಚಾಚಿದ ಬಾಲ್ಕನಿಯ ಲೆಕ್ಕ ಇದಕ್ಕೆ ತಲೆಕೆಳಗು. ಅಲ್ಲಿ ಎಳೆತ ಇರುವುದು ಮೇಲ್ಮೈಯಲ್ಲಿ, ಸರಳು ಇರಬೇಕಾದದ್ದೂ ಮೇಲೆ. ಹಾಕುವ ದಿನ ಆಳುಗಳು ತುಳಿದು ಆ ಸರಳು ಕೆಳಗೆ ಕುಸಿದಿದ್ದರೆ, ಗೋಡೆಗೆ ಅಂಟಿದ ಕಡೆ ಮೇಲೆ ಉದ್ದಕ್ಕೂ ಬಿರುಕು ಬರುತ್ತದೆ. ಆ ಬಿರುಕು ಕಂಡ ದಿನವೇ ಅದರ ಮೇಲೆ, ಕೆಳಗೆ ಯಾರೂ ನಿಲ್ಲದಂತೆ ಮಾಡಬೇಕು.

ತಟ್ಟಿ ನೋಡುವ ಪರೀಕ್ಷೆ ಇಲ್ಲಿಯೂ ನಡೆಯುತ್ತದೆ. ಕೋಲಿನ ತುದಿಗೆ ಸಣ್ಣ ಸುತ್ತಿಗೆ ಕಟ್ಟಿ ಕೆಳಗಿನಿಂದ ಗೇಣುಗೇಣಿಗೂ ಮೆಲ್ಲಗೆ ತಟ್ಟುತ್ತ, ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಸುತ್ತು ಹಾಕಿದರೆ, ಕಣ್ಣಿಗೆ ಕಾಣುವ ಹಾಳಿಗಿಂತ ಕಾಣದ ಹಾಳು ಎಷ್ಟಿದೆ ಎಂಬುದರ ನಕ್ಷೆಯೇ ಸಿಗುತ್ತದೆ. ತಟ್ಟುವಾಗ ನೆತ್ತಿಯ ನೇರ ಕೆಳಗೆ ನಿಲ್ಲಬಾರದು. ಬಾಗುವಿಕೆಯನ್ನು ಅಳೆಯಲು ಕೋಣೆಯ ಎದುರುಬದುರು ಗೋಡೆಗಳಲ್ಲಿ ಸ್ಲ್ಯಾಬಿಗೆ ತಾಗುವಂತೆ ಮೊಳೆ ಹೊಡೆದು ದಾರವನ್ನು ಬಿಗಿದು ಕಟ್ಟಬೇಕು. ಸ್ಲ್ಯಾಬು ಜೋತಿದ್ದರೆ ಅದು ನಡುವೆ ದಾರವನ್ನು ಕೆಳಗೆ ಒತ್ತುತ್ತದೆ. ಒತ್ತಿದರೆ ಎರಡೂ ತುದಿಯಲ್ಲಿ ಒಂದೊಂದು ಅಂಗುಲದ ಕಟ್ಟಿಗೆ ಬಿಲ್ಲೆ ಕೊಟ್ಟು ದಾರವನ್ನು ಇಳಿಸಿ, ನಡುವಿನ ಅಂತರ ಅಂಗುಲಕ್ಕಿಂತ ಎಷ್ಟು ಕಡಿಮೆ ಎಂದು ನೋಡಿದರೆ ಜೋತಿರುವ ಅಳತೆ ತಿಳಿಯುತ್ತದೆ. ಮಾನಕದ ಮಿತಿ ಅಗಲದ 250ರಲ್ಲೊಂದು ಭಾಗ, ಹತ್ತು ಅಡಿಯ ಕೋಣೆಗೆ ಸುಮಾರು 12 ಮಿಲಿಮೀಟರ್. ಹಲಗೆ ಕಟ್ಟುವಾಗಲೇ ಡೊಂಕಾಗಿದ್ದ ಸ್ಲ್ಯಾಬುಗಳೂ ಇರುವುದರಿಂದ ಒಮ್ಮೆಯ ಅಳತೆಯಿಂದ ಗಾಬರಿಯಾಗಬೇಕಿಲ್ಲ. ಆರು ತಿಂಗಳ ಮೇಲೆ ಮತ್ತೆ ಅಳೆದಾಗ ಹೆಚ್ಚಿದ್ದರೆ ಅದು ನಿಜವಾದ ಎಚ್ಚರಿಕೆ.

ಕೊನೆಯ ತೀರ್ಪು ಕೊಡುವುದು ಸರಳು. ಬಿಟ್ಟುಕೊಂಡ ಹಕ್ಕಳೆಯನ್ನು ತೆಗೆಸಿ, ಸರಳಿನ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆದು, ಉಳಿದ ಗಟ್ಟಿ ಉಕ್ಕಿನ ದಪ್ಪವನ್ನು ಅಳೆಯಬೇಕು. 8 ಮಿಲಿಮೀಟರ್ ಸರಳು 7ಕ್ಕೆ ಇಳಿದಿದ್ದರೆ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ, ಆದರೆ ಅದರ ಉಕ್ಕಿನಲ್ಲಿ ಶೇ 23ರಷ್ಟು ಹೋಗಿರುತ್ತದೆ. 6 ಮಿಲಿಮೀಟರಿಗೆ ಇಳಿದಿದ್ದರೆ ಹೆಚ್ಚುಕಡಿಮೆ ಅರ್ಧವೇ ಹೋಗಿರುತ್ತದೆ. ಹಾಳು ಅಡುಗೆಮನೆಯ ಒಂದು ಮೂಲೆಯಲ್ಲೋ ಬಚ್ಚಲಿನ ಮೇಲೋ ಮಾತ್ರ ಇದ್ದು ಸರಳು ಉಳಿದಿದ್ದರೆ, ಅಲ್ಲಿಗಷ್ಟೇ ಬಿಚ್ಚಿ, ಉಜ್ಜಿ, ಪಕ್ಕದಲ್ಲಿ ಹೊಸ ಸರಳು ಕೊಟ್ಟು, ರಿಪೇರಿಗೆಂದೇ ಇರುವ ಗಾರೆಯನ್ನು ತುಂಬುವುದು ನ್ಯಾಯವಾದ ಖರ್ಚು. ಕೋಣೆಯ ನಡುಭಾಗದಲ್ಲಿ, ಅಂದರೆ ಎಳೆತ ಅತಿ ಹೆಚ್ಚಿರುವಲ್ಲಿ, ಸಾಲುಸಾಲು ಸರಳುಗಳು ಕಾಲುಭಾಗಕ್ಕಿಂತ ಹೆಚ್ಚು ಕರಗಿದ್ದರೆ ಅಥವಾ ಅರ್ಧಕ್ಕಿಂತ ಹೆಚ್ಚು ಜಾಗ ಟೊಳ್ಳು ಸದ್ದು ಕೊಟ್ಟರೆ ಸ್ಲ್ಯಾಬನ್ನು ತೆಗೆಸುವುದೇ ಸರಿ. ನಡುವಿನ ಸ್ಥಿತಿಯಲ್ಲಿದ್ದವರು ಎಂಜಿನಿಯರಿಂದ ಪರೀಕ್ಷೆ ಮಾಡಿಸಬೇಕು. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಕಂಡ ಫೀನಾಲ್ಫ್ತಲೀನ್ ದ್ರಾವಣವನ್ನು ಹೊಸದಾಗಿ ಒಡೆದ ಕಾಂಕ್ರೀಟಿಗೆ ಸಿಂಪಡಿಸಿದರೆ, ಕ್ಷಾರ ಉಳಿದ ಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಸತ್ತ ಭಾಗ ಬಣ್ಣ ಬದಲಿಸುವುದಿಲ್ಲ. ಬಣ್ಣ ಬದಲಿಸದ ಪದರ ಸರಳನ್ನು ದಾಟಿದೆಯೇ ಎಂಬುದು ನಿಮಿಷದೊಳಗೆ ತಿಳಿಯುತ್ತದೆ. ಸವಳು ನೀರಿನ ತುಕ್ಕು ಈ ಪರೀಕ್ಷೆಗೆ ಸಿಗುವುದಿಲ್ಲ, ಅದಕ್ಕೆ ಕ್ಲೋರೈಡಿನ ಪರೀಕ್ಷೆ ಬೇರೆ ಮಾಡಿಸಬೇಕು.

ಪ್ರತಿ ಸೋರಿಕೆಗೂ ಮೇಲೊಂದು ಪದರ ಹೊಡೆಸುವುದು ಮಣ್ಣಿನ ಮಾಳಿಗೆಗೆ ಮಣ್ಣು ಏರಿಸಿದ ತಪ್ಪಿನದೇ ಮರುಹುಟ್ಟು. ಎರಡು ಅಂಗುಲದ ಒಂದು ಪದರ ಹತ್ತಡಿ ಕೋಣೆಯ ಮೇಲೆ ಒಂದು ಟನ್ನಿಗೂ ಹೆಚ್ಚು ಭಾರ. ಜೊತೆಗೆ ಹಳೆಯ ಪದರದಲ್ಲಿ ನಿಂತ ನೀರನ್ನು ಅದು ಮುಚ್ಚಳದಂತೆ ಮುಚ್ಚಿ ಸರಳಿಗೆ ಕಾಯಂ ತೇವ ಕೊಡುತ್ತದೆ. ಹೊಸ ಪದರ ಬೇಕೇ ಆದರೆ ಹಳೆಯದನ್ನು ಸ್ಲ್ಯಾಬಿನ ಮೈ ಕಾಣುವವರೆಗೆ ಕೆತ್ತಿಸಿ ತೆಗೆಸಬೇಕು. ಸಾವಿರ ಲೀಟರಿನ ನೀರಿನ ಟ್ಯಾಂಕೂ ತುಂಬಿದಾಗ ಒಂದು ಟನ್ ತೂಗುತ್ತದೆ. ಅದರ ಜಾಗ ಗೋಡೆಗಳು ಕೂಡುವ ಮೂಲೆಯ ಮೇಲೆ, ಕೋಣೆಯ ನಡುವೆ ಅಲ್ಲ.

ತಗಡು ಮತ್ತು ಸಿಮೆಂಟ್ ಶೀಟು

ಪತ್ರಾಸಿನ ಚಾವಣಿಯ ನಿರ್ಧಾರ ಸುಲಭ. ತಗಡಿನ ಮೇಲಿನ ಸತುವಿನ ಲೇಪ ಹೋದ ಮೇಲೆ ಮೊಳೆಯ ತೂತು ಮತ್ತು ಒಂದರ ಮೇಲೊಂದು ಕೂರುವ ಅಂಚಿನಲ್ಲಿ ಕೆಂಪು ತುಕ್ಕು ಮೊದಲು ಕಾಣುತ್ತದೆ. ಕಾರ್ಖಾನೆಗಳ ಬಳಿ ಹೊಗೆಯ ಗಂಧಕ ಮತ್ತು ಕೂತ ಧೂಳು ಇಬ್ಬನಿಯ ತೇವವನ್ನು ಹಿಡಿದುಕೊಂಡು ಈ ಕೆಲಸವನ್ನು ಬೇಗ ಮುಗಿಸುತ್ತವೆ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ತಗಡು ಹಾರುವುದು ತಗಡು ಹಳೆಯದಾದದ್ದಕ್ಕಿಂತ ಹೆಚ್ಚಾಗಿ ಅದನ್ನು ಹಿಡಿದ ಕಟ್ಟಿಗೆ ಲಡ್ಡಾಗಿ ಗಟ್ಟಿತನ ಕಳೆದುಕೊಂಡದ್ದರಿಂದ, ಮೊಳೆಯ ಸುತ್ತ ತೂತು ದೊಡ್ಡದಾದದ್ದರಿಂದ. ಮೊಳೆ ಅಲುಗಾಡುತ್ತಿದ್ದರೆ ಮಳೆಗಾಲಕ್ಕೆ ಕಾಯಬಾರದು, ಬೇಸಿಗೆಯ ಮೊದಲ ಗಾಳಿಗೆ ಮುಂಚೆಯೇ ಬದಲಿಸಬೇಕು.

ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರುತ್ತದೆ. ಅದರ ಎಳೆ ಉಸಿರಿನೊಂದಿಗೆ ಒಳಹೋದರೆ ಕ್ಯಾನ್ಸರಿಗೆ ಕಾರಣವಾಗುವುದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿರುವ ಸತ್ಯ. ಶೀಟು ಗಟ್ಟಿಯಿರುವಾಗ ಎಳೆ ಒಳಗೇ ಹಿಡಿದಿರುತ್ತದೆ. ಮೇಲ್ಮೈ ಸವೆದು ನಾರುನಾರಾಗಿ ಕೈಗೆ ಪುಡಿ ಹತ್ತತೊಡಗಿದರೆ ಸೋರದಿದ್ದರೂ ಬದಲಿಸಬೇಕು. ತೆಗೆಯುವಾಗ ನೀರು ಹೊಡೆದು ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಬೇಕು, ಗ್ರೈಂಡರಿನಿಂದ ಕೊಯ್ಯಬಾರದು. ಶೀಟಿನ ಮೇಲೆ ನೇರ ಕಾಲಿಡುವುದಂತೂ ಕೂಡದು. ಹಳೆಯ ಶೀಟು ಮುರಿದು ಬಿದ್ದು ಸತ್ತವರು, ಸೊಂಟ ಮುರಿದುಕೊಂಡವರು ಅನೇಕ.

ಎರೆಭೂಮಿಯ ಊರುಗಳಲ್ಲಿ

ಸಿಂಧನೂರು, ಮಾನ್ವಿ, ಸಿರುಗುಪ್ಪದ ಎರೆಭೂಮಿಯಲ್ಲಿ ಮನೆ ಕಟ್ಟಿದವರು ಚಾವಣಿಯನ್ನು ಬೈಯುವ ಮುಂಚೆ ನೆಲವನ್ನು ನೋಡಬೇಕು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಆಳವಿಲ್ಲದೆ ಮೇಲೆಮೇಲೆ ಕೂತ ಪಾಯ ಅದರೊಂದಿಗೆ ಏರಿ ಇಳಿಯುತ್ತದೆ, ಗೋಡೆ ಬಾಗಿಲ ಮೂಲೆಯಿಂದ ಓರೆಯಾಗಿ ಸೀಳುತ್ತದೆ, ಆ ಸೀಳು ಸ್ಲ್ಯಾಬಿಗೂ ಹತ್ತುತ್ತದೆ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಮುಚ್ಚಿಕೊಳ್ಳುವ ಬಿರುಕು ನೆಲದ್ದು. ಪಾಯ ಗಟ್ಟಿಯಾಗದೆ ಹೊಸ ಚಾವಣಿ ಹಾಕಿಸಿದರೆ ಮೂರನೆಯ ವರ್ಷಕ್ಕೆ ಅದೇ ಓರೆ ಬಿರುಕು ಹೊಸದರಲ್ಲೂ ಬರುತ್ತದೆ. ಬಿರುಕಿನ ಎರಡು ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆದಿಟ್ಟು, ಒಂದು ವರ್ಷದ ಎಲ್ಲ ಕಾಲಗಳಲ್ಲೂ ಅಳೆದು ನೋಡುವಷ್ಟು ತಾಳ್ಮೆ ಇಲ್ಲಿ ಬೇಕು.

ನೋಡುವ ಕಾಲ, ಮಾಡುವ ಕಾಲ

ರೋಗ ಕಾಣುವುದು ಮಳೆಗಾಲದಲ್ಲಿ, ಕೆಲಸಕ್ಕೆ ಹದವಾದ ಕಾಲ ದೀಪಾವಳಿಯಿಂದ ಶಿವರಾತ್ರಿಯವರೆಗೆ. ಮಳೆ ಹಿಂದೆ ಸರಿದಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ, ಕಾಂಕ್ರೀಟಿಗೆ ಉಣಿಸಲು ಸಿಹಿನೀರು ಸಿಗುತ್ತದೆ. ಯುಗಾದಿಯ ನಂತರ ಸ್ಲ್ಯಾಬು ಹಾಕಿಸಲೇಬೇಕಾದರೆ ಇಳಿಹೊತ್ತಿನಲ್ಲಿ ಹಾಕಿಸಿ, ಮರುದಿನ ಬಿಸಿಲೇರುವುದರೊಳಗೆ ಸುತ್ತ ಮಣ್ಣಿನ ಒಡ್ಡು ಕಟ್ಟಿ ನೀರು ನಿಲ್ಲಿಸಬೇಕು.

ಕೆಲವು ಗುರುತುಗಳು ಮಾತ್ರ ಕಾಲವನ್ನು ಕಾಯಗೊಡುವುದಿಲ್ಲ. ಮಳೆ ಸುರಿಯುತ್ತಿರುವಾಗ ಜಂತಿಯಲ್ಲಿ ಹಿಂದೆ ಕೇಳದ ಸದ್ದು, ರಾತ್ರೋರಾತ್ರಿ ಬಿಗಿಯಾದ ಬಾಗಿಲು, ಗೋಡೆಯಿಂದ ಹೊರಗೆ ಜಾರಿದ ಜಂತಿಯ ತುದಿ, ಹೊಟ್ಟೆ ಬಿಟ್ಟ ಗೋಡೆ, ಒಮ್ಮೆಲೇ ಹೆಚ್ಚಾಗಿ ಉದುರುವ ಮಣ್ಣು: ಇವುಗಳಲ್ಲಿ ಒಂದು ಕಂಡರೂ ಮಕ್ಕಳು ಮತ್ತು ವಯಸ್ಸಾದವರನ್ನು ಎಬ್ಬಿಸಿ ಹೊರಗೆ ಕರೆದುಕೊಂಡು ಹೋಗಬೇಕು, ಸಾಮಾನಿಗಾಗಿ ಮರಳಿ ಹೋಗಬಾರದು. ಮಳೆ ನಿಂತಿತೆಂದು ಆ ಸಂಜೆಯೇ ಒಳಗೆ ಮಲಗುವುದೂ ಅಪಾಯ, ಏಕೆಂದರೆ ನೆನೆದ ಮಣ್ಣಿನ ಭಾರ ಮತ್ತು ಗೋಡೆಯ ಬುಡದ ಮೆತ್ತನೆ ಇನ್ನೂ ಎಷ್ಟೋ ದಿನ ಇರುತ್ತವೆ.

ಮಾಳಿಗೆ ಇಳಿಸುವಾಗ ಮೊದಲು ಕೆಳಗೆ ಊರುಗಂಬ, ಅದರ ಬುಡಕ್ಕೆ ಹಲಗೆ, ಆಮೇಲೆ ಮೇಲಿನ ಭಾರ. ಮಣ್ಣನ್ನು ಎಲ್ಲ ಕಡೆ ಸಮನಾಗಿ ಕೆರೆಯುತ್ತ ಬುಟ್ಟಿಯಲ್ಲಿ ಇಳಿಸಬೇಕು. ಒಂದು ಕಡೆ ಗುಡ್ಡೆ ಹಾಕಿದರೆ ಸೋತ ಜಂತಿ ಅಲ್ಲಿಯೇ ಕೈಬಿಡುತ್ತದೆ. ಇಳಿದ ತೊಲೆಗಳ ಎರಡೂ ತುದಿಯನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ದರೆ ಉಳಿದದ್ದು ಚಿಕ್ಕ ಕೋಣೆಗೋ ಬಾಗಿಲಿನ ಚೌಕಟ್ಟಿಗೋ ಬರುತ್ತದೆ. ಅಡಿಯ ಕೆಂಪು ಮಣ್ಣನ್ನು ಅಂಗಳಕ್ಕೆ ತುಂಬಿಕೊಳ್ಳಬಹುದು, ಮೇಲಿನ ಸವಳು ಮಣ್ಣನ್ನು ಮಾತ್ರ ಬೇರೆ ಮಾಡಿ ಇಡಬೇಕು. ಅದನ್ನು ಹೊಲಕ್ಕೆ ಒಯ್ದು ಹಾಕಿದರೆ ಹಾಕಿದಷ್ಟು ನೆಲದಲ್ಲಿ ನೀರು ಇಂಗುವುದಿಲ್ಲ.